ಮಳೆಗಾಲಕ್ಕೆ ಮುಂಚೆ ಗೇಮಿಂಗ್ ಪಿಸಿ ಅಪ್‌ಗ್ರೇಡ್: ಕಮ್ಮಿ ಕರೆಂಟಿನಲ್ಲಿ ಓಡುವ ಪಾರ್ಟ್ ಯಾವುದು ತೆಗೆದುಕೊಳ್ಳಲಿ?

ಮೆತ್ತಿನ_ಪಿಸಿ (ಶಿರಸಿ)
ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಶಿರಸಿ ಪೇಟೆಯಿಂದ 14 ಕಿಲೋಮೀಟರ್ ಒಳಗೆ. ಪಿಸಿ ಇರುವುದು ಮೆತ್ತಿನ (ಮಹಡಿಯ) ಮೇಲೆ, ಹಂಚಿನ ಮಾಡಿನ ಕೆಳಗೆ. ಪ್ರೊಸೆಸರ್ ರೈಜನ್ 5 2600, ಗ್ರಾಫಿಕ್ಸ್ ಕಾರ್ಡು ಆರ್‌ಎಕ್ಸ್ 580 8 ಜಿಬಿ, ಬಿ450 ಮದರ್‌ಬೋರ್ಡ್, 16 ಜಿಬಿ ಡಿಡಿಆರ್4 ರ‍್ಯಾಮ್, 550 ವ್ಯಾಟ್ ಬ್ರಾಂಜ್ ದರ್ಜೆಯ ಎಸ್‌ಎಂಪಿಎಸ್ (ಪಿಸಿಯ ಪಾರ್ಟುಗಳಿಗೆ ಕರೆಂಟು ಕೊಡುವ ಡಬ್ಬ), 24 ಇಂಚಿನ 75 ಹರ್ಟ್ಸ್ (ಸೆಕೆಂಡಿಗೆ 75 ಚಿತ್ರ) ಮಾನಿಟರ್.

ಪ್ಲಗ್‌ಗೆ ಹಾಕುವ ವ್ಯಾಟ್ ಮೀಟರ್ ತಂದು ಅಳೆದೆ. ಮಾನಿಟರ್ ಸೇರಿ ಸುಮ್ನೆ ಇದ್ದಾಗ 80 ವ್ಯಾಟ್, ಆಟ ಆಡುವಾಗ 310ರಿಂದ 330. ಮನೆಗೆ ಒಂದೇ ಇನ್ವರ್ಟರ್, 150 ಎಎಚ್ (ಆಂಪ್ ಅವರ್) ಬ್ಯಾಟರಿ. ಮಳೆಗಾಲದಲ್ಲಿ ಸಂಜೆ ಕರೆಂಟು ಹೋದರೆ ಯಾವಾಗ ಬರುತ್ತದೆ ಅಂತ ಹೇಳಲಾಗದು. ನಾನು ಆಡಲು ಕೂತರೆ ಒಂದೆರಡು ಗಂಟೆಗೆ ಇನ್ವರ್ಟರ್ ಕೂಗಲು ಶುರು ಮಾಡುತ್ತದೆ, ಕೆಳಗೆ ಅಜ್ಜಿಯ ಕೋಣೆಯ ಫ್ಯಾನ್ ನಿಲ್ಲುತ್ತದೆ. ಅದು ನನಗೆ ಸರಿ ಕಾಣುವುದಿಲ್ಲ. ಹಾಗಂತ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಟ ಬಿಟ್ಟು ಕೂರಲೂ ಮನಸ್ಸಿಲ್ಲ.

ಬಜೆಟ್ 40,000. ಇರುವುದರಲ್ಲೇ ಬದಲಿಸಲೇ, ಪೂರ್ತಿ ಹೊಸದು ಮಾಡಲೇ?

ಕಾಳಿ_ಸಂಗಮ (ಕಾರವಾರ)
ಪೂರ್ತಿ ಹೊಸದು ಮಾಡಿ. ಎಎಂ5 (ಎಎಂಡಿಯ ಹೊಸ ಸಾಕೆಟ್) ಬೋರ್ಡ್, ರೈಜನ್ 5 7600 ಪ್ರೊಸೆಸರ್. ಅದೂ 65 ವ್ಯಾಟೇ. ಮುಂದೆ ಬರುವ ಪ್ರೊಸೆಸರ್ ಕೂಡ ಅದೇ ಬೋರ್ಡಿಗೆ ಕೂರುತ್ತದೆ. ಹಳೆಯದಕ್ಕೆ ದುಡ್ಡು ಹಾಕಬಾರದು.

ಫ್ರೇಮ್_ಲೆಕ್ಕ (ಹೊನ್ನಾವರ, ಈಗ ಬೆಂಗಳೂರು)
ಕಾಳಿ ಅವರೇ, 40,000ದಲ್ಲಿ ಎಎಂ5 ಅಂದರೆ ಬೋರ್ಡ್, ಪ್ರೊಸೆಸರ್, ಡಿಡಿಆರ್5 ರ‍್ಯಾಮ್ ಮೂರೂ ಹೊಸದು ಬೇಕು. 2025ರ ಕೊನೆಯಿಂದ ರ‍್ಯಾಮ್ ಬೆಲೆ ಎಲ್ಲಿಗೆ ಹೋಗಿದೆ ನೋಡಿದ್ದೀರಾ? ಎಐ ಡೇಟಾ ಸೆಂಟರ್‌ಗಳು ಮೆಮೊರಿ ಎಲ್ಲಾ ಎಳೆದುಕೊಳ್ಳುತ್ತಿವೆ. ಅಷ್ಟು ಕೊಟ್ಟ ಮೇಲೆ ಗ್ರಾಫಿಕ್ಸ್ ಕಾರ್ಡಿಗೆ ಏನೂ ಉಳಿಯುವುದಿಲ್ಲ. ಇಲ್ಲಿ ಕರೆಂಟು ತಿನ್ನುತ್ತಿರುವುದೇ ಗ್ರಾಫಿಕ್ಸ್ ಕಾರ್ಡು.

ಆರ್‌ಎಕ್ಸ್ 580 2017ರ ಕಾರ್ಡು, 185 ವ್ಯಾಟ್. ಆರ್‌ಎಕ್ಸ್ 6600 132 ವ್ಯಾಟ್, ಆರ್‌ಟಿಎಕ್ಸ್ 4060 115 ವ್ಯಾಟ್. ಎರಡೂ 580ಕ್ಕಿಂತ ಎಷ್ಟೋ ವೇಗ. ಮೊದಲು ಬದಲಾಗಬೇಕಾದ್ದು ಅದು. ಆಮೇಲೆ ಅದೇ ಬಿ450 ಬೋರ್ಡಿಗೆ ರೈಜನ್ 5 5600. ಅಲ್ಲಿಗೆ ಸಾಕು.

ಹೊಸಬ_ಯಲ್ಲಾಪುರ
550 ವ್ಯಾಟ್ ಎಸ್‌ಎಂಪಿಎಸ್ ತೆಗೆದು 400 ವ್ಯಾಟಿನದು ಹಾಕಿದರೆ ಕರೆಂಟು ಉಳಿಯುವುದಿಲ್ಲವೇ?

ಬೆಸುಗೆ_ಭಾವ (ಶಿರಸಿ)
ಇಲ್ಲ ತಮ್ಮಾ. 550 ಅಂದರೆ ಅದು ಕೊಡಬಲ್ಲ ಗರಿಷ್ಠ. ಪಿಸಿ ಎಷ್ಟು ಕೇಳುತ್ತದೋ ಅಷ್ಟೇ ಎಳೆಯುತ್ತದೆ. ಒಳಗೆ ಬಿಸಿಯಾಗಿ ಹಾಳಾಗುವ ಪಾಲು ಬೇರೆ. ಅರ್ಧ ಲೋಡಿನಲ್ಲಿ ಎಳೆದ ಕರೆಂಟಿನಲ್ಲಿ ಬ್ರಾಂಜ್ ದರ್ಜೆಯದು ಸುಮಾರು 85 ಪರ್ಸೆಂಟ್ ಪಿಸಿಗೆ ಮುಟ್ಟಿಸುತ್ತದೆ, ಗೋಲ್ಡ್ ಸುಮಾರು 90. ನಿಮ್ಮ ಲೋಡಿಗೆ ವ್ಯತ್ಯಾಸ 10–15 ವ್ಯಾಟ್ ಆಗಬಹುದು. ಅದಕ್ಕಾಗಿಯೇ ಎಸ್‌ಎಂಪಿಎಸ್ ಬದಲಿಸಬೇಕಿಲ್ಲ. ಆದರೆ ಹಳೆಯದಾಗಿದ್ದರೆ ಬದಲಿಸಿ. ನಮ್ಮ ಕಡೆ ಬೋರ್ಡು ಸುಡುವುದು ಜಾಸ್ತಿ ಎಸ್‌ಎಂಪಿಎಸ್ ಕೈಕೊಟ್ಟಾಗಲೇ.

ಅಘನಾಶಿನಿ (ಕುಮಟಾ)
ಯಾರೂ ಬಿಲ್ಲಿನ ಮಾತೇ ಎತ್ತಲಿಲ್ಲ. ದಿನಕ್ಕೆ 3 ಗಂಟೆ ಆಡಿದರೆ 320 ವ್ಯಾಟಿಗೆ ತಿಂಗಳಿಗೆ 29 ಯೂನಿಟ್. ಅದನ್ನು 170 ವ್ಯಾಟಿಗೆ ಇಳಿಸಿದರೆ 15 ಯೂನಿಟ್. ಉಳಿಯುವುದು 14. ಯೂನಿಟ್‌ಗೆ 6 ರೂಪಾಯಿ ಹಿಡಿದರೂ 84 ರೂಪಾಯಿ. 84 ರೂಪಾಯಿ ಉಳಿಸಲು 40,000 ಹಾಕುವುದೇ? ಲೆಕ್ಕ ಎಲ್ಲೂ ಕೂಡುವುದಿಲ್ಲ.

ಬೇಲೇಕೇರಿ_ಅಲೆ (ಅಂಕೋಲಾ)
ಗೃಹಜ್ಯೋತಿ ಇದ್ದವರಿಗೆ ಲೆಕ್ಕ ಸ್ವಲ್ಪ ಬೇರೆ ಅಲ್ವಾ? ನಮ್ಮ ಮನೆಯ ಉಚಿತ ಮಿತಿ 2022–23ರ ಸರಾಸರಿಯ ಮೇಲೆ ನಿಂತಿದೆ. ಅದಕ್ಕಿಂತ ಮೇಲೆ ಹೋದರೆ ಹೆಚ್ಚಾದ ಯೂನಿಟ್‌ಗೆ ದುಡ್ಡು. 200 ದಾಟಿದರೆ ಪೂರ್ತಿ ಬಿಲ್ಲು. ಆಗ ನಮ್ಮ ಮನೆಯಲ್ಲಿ ಪಿಸಿಯೇ ಇರಲಿಲ್ಲ. ಹಾಗಾಗಿ ನನ್ನ 20 ಯೂನಿಟ್ ನೇರವಾಗಿ ಬಿಲ್ಲಿನಲ್ಲಿ ಕಾಣುತ್ತದೆ, ಅಮ್ಮ ಅದನ್ನು ಓದುತ್ತಾರೆ.

ಮೆತ್ತಿನ_ಪಿಸಿ
ಅಘನಾಶಿನಿ ಅವರೇ, ನಾನು ಬಿಲ್ಲಿಗಾಗಿ ಕೇಳಿದ್ದಲ್ಲ. ಬ್ಯಾಟರಿಗಾಗಿ. ಎಷ್ಟು ಹೊತ್ತು ಬರುತ್ತದೆ ಅನ್ನುವುದೇ ನನ್ನ ಪ್ರಶ್ನೆ.

ಕಾಳಿ_ಸಂಗಮ
150 ಎಎಚ್ ಗುಣಿಸು 12 ವೋಲ್ಟ್, 1800. ಅದನ್ನು 320ರಿಂದ ಭಾಗಿಸಿದರೆ ಐದೂವರೆ ಗಂಟೆ ಬರಬೇಕು. ನಿಮಗೆ ಎರಡು ಗಂಟೆ ಬರುತ್ತಿದ್ದರೆ ಬ್ಯಾಟರಿ ಹೋಗಿದೆ.

ಹಳ್ಳದ_ಕರೆಂಟು (ಸಿದ್ದಾಪುರ)
ಹಾಗೆ ಭಾಗಿಸಬಾರದು. ಆ 150 ಎಎಚ್ ಸಾಮಾನ್ಯವಾಗಿ 20 ಗಂಟೆಯ ಲೆಕ್ಕ. ಅಂದರೆ ಏಳೂವರೆ ಆಂಪ್ಸ್‌ನಂತೆ ನಿಧಾನವಾಗಿ ಎಳೆದರೆ ಮಾತ್ರ 150. ಇವರ ಪಿಸಿ 320 ವ್ಯಾಟ್ ಎಳೆದರೆ ಬ್ಯಾಟರಿಯಿಂದ 30 ಆಂಪ್ಸ್ ದಾಟುತ್ತದೆ. ಲೆಡ್ ಆಸಿಡ್ ಬ್ಯಾಟರಿ ಜೋರಾಗಿ ಎಳೆದಷ್ಟೂ ಕಡಿಮೆ ಕೊಡುತ್ತದೆ. ಇನ್ವರ್ಟರ್ ಒಳಗೆ ಹೋಗುವ ನಷ್ಟ ಬೇರೆ. ಪೂರ್ತಿ ಖಾಲಿ ಮಾಡಲೂಬಾರದು. ಹೊಸ ಬ್ಯಾಟರಿಯಲ್ಲೂ ಮೂರು ಗಂಟೆ ಬಂದರೆ ಹೆಚ್ಚು.

ಆದರೆ ಇದರಲ್ಲೇ ನಿಮಗೆ ಲಾಭ ಇದೆ. ಲೋಡು ಅರ್ಧ ಮಾಡಿದರೆ ಸಮಯ ಎರಡು ಪಟ್ಟು ಅಲ್ಲ, ಅದಕ್ಕಿಂತ ಸ್ವಲ್ಪ ಜಾಸ್ತಿಯೇ ಸಿಗುತ್ತದೆ. 160–170 ವ್ಯಾಟಿಗೆ ಇಳಿಸಿ, ಆರು ಗಂಟೆ ಹತ್ತಿರ ಬರುತ್ತದೆ. ಅಜ್ಜಿಯ ಫ್ಯಾನೂ ತಿರುಗುತ್ತದೆ.

ಕಾಳಿ_ಸಂಗಮ
ಸರಿ, ಒಪ್ಪಿದೆ. 20 ಗಂಟೆಯ ಲೆಕ್ಕ ಅಂತ ಗೊತ್ತಿರಲಿಲ್ಲ.

ಫ್ರೇಮ್_ಲೆಕ್ಕ
ಮೆತ್ತಿನ ಪಿಸಿ, ಒಂದು ರೂಪಾಯಿ ಖರ್ಚಿಲ್ಲದ ಕೆಲಸ ಮೊದಲು ಮಾಡಿ. ನಿಮ್ಮ ಮಾನಿಟರ್ 75 ಹರ್ಟ್ಸ್. ಕಾರ್ಡು ಸೆಕೆಂಡಿಗೆ 110 ಫ್ರೇಮ್ (ಚಿತ್ರ) ಮಾಡಿ ಕೊಟ್ಟರೂ ಸೆಕೆಂಡಿಗೆ 75 ಪೂರ್ತಿ ಚಿತ್ರ ಮಾತ್ರ ಕಾಣುತ್ತದೆ. ಉಳಿದ ಕರೆಂಟು ಬರೀ ಬಿಸಿ. ಕಾರ್ಡಿನ ಡ್ರೈವರಿನಲ್ಲೇ ಫ್ರೇಮಿಗೆ ಮಿತಿ ಹಾಕುವ ರೇಡಿಯಾನ್ ಚಿಲ್ ಇದೆ, ಮೇಲಿನ ಮಿತಿ 60ಕ್ಕೆ ಇಡಿ. ಆಮೇಲೆ ಟ್ಯೂನಿಂಗ್‌ಗೆ ಹೋಗಿ ವೋಲ್ಟೇಜನ್ನು ಸ್ವಲ್ಪ ಸ್ವಲ್ಪವೇ ಇಳಿಸಿ. ಒಂದು ಹೆಜ್ಜೆ ಇಳಿಸಿ, ಅರ್ಧ ಗಂಟೆ ಆಡಿ ನೋಡಿ. ಪರದೆ ಮಿನುಗಿದರೆ ಅಥವಾ ಆಟ ಮುಚ್ಚಿಹೋದರೆ ಒಂದು ಹೆಜ್ಜೆ ವಾಪಸ್ ಬನ್ನಿ. ಫ್ಯಾಕ್ಟರಿಯಲ್ಲಿ ಎಲ್ಲಾ ಕಾರ್ಡೂ ಓಡಲಿ ಅಂತ ವೋಲ್ಟೇಜ್ ಜಾಸ್ತಿಯೇ ಇಟ್ಟಿರುತ್ತಾರೆ.

ಇದನ್ನು ಮಾಡಿ ಮೀಟರ್ ಓದಿ ಹೇಳಿ. ಅಲ್ಲಿಯವರೆಗೆ ಏನೂ ಕೊಳ್ಳಬೇಡಿ.

ಅಘನಾಶಿನಿ
60 ಫ್ರೇಮಿನಲ್ಲಿ ಶೂಟಿಂಗ್ ಆಟ ಆಡಿದರೆ ಕೈ ತಡವಾದಂತೆ ಅನ್ನಿಸುತ್ತದೆ. ಮಿತಿ ಇಡದೆ ಆಡಿದಾಗ ಮೌಸ್ ಚುರುಕಾಗಿರುತ್ತದೆ. ಫ್ರೇಮ್ ಜಾಸ್ತಿ ಇದ್ದರೆ ಉಪಯೋಗವೇ ಇಲ್ಲ ಅನ್ನುವುದು ತಪ್ಪು.

ಫ್ರೇಮ್_ಲೆಕ್ಕ
ಅದು ನಿಜ, ಸ್ಪರ್ಧೆಯ ಆಟಕ್ಕೆ ಅದು ಸಲ್ಲುತ್ತದೆ. ಕರೆಂಟು ಇದ್ದಾಗ ಮಿತಿ ತೆಗೆಯಲಿ, ಇನ್ವರ್ಟರ್ ಮೇಲೆ ಇದ್ದಾಗ ಹಾಕಲಿ. ಎರಡು ಪ್ರೊಫೈಲ್ ಮಾಡಿಟ್ಟರೆ ಒಂದು ಕ್ಲಿಕ್.

ಬೇಲೇಕೇರಿ_ಅಲೆ
ಗೇಮಿಂಗ್ ಲ್ಯಾಪ್‌ಟಾಪ್ ತೆಗೆದುಕೊಂಡರೆ ಈ ತಲೆಬಿಸಿಯೇ ಇಲ್ಲ. ಒಳಗೇ ಬ್ಯಾಟರಿ, ವೋಲ್ಟೇಜ್ ಏರಿಳಿದರೂ ಅಡಾಪ್ಟರ್ ನೋಡಿಕೊಳ್ಳುತ್ತದೆ. ಹಾಸ್ಟೆಲಿಗೂ ಒಯ್ಯಬಹುದು.

ಬೆಸುಗೆ_ಭಾವ
ಲ್ಯಾಪ್‌ಟಾಪ್ ಬ್ಯಾಟರಿ ಅಂದರೆ ಹೆಚ್ಚೆಂದರೆ 99 ವ್ಯಾಟ್ ಅವರ್. ಆಟ ಆಡಿದರೆ ಒಂದು ಗಂಟೆ, ಅದೂ ವೇಗ ಇಳಿಸಿಕೊಂಡು. ಇನ್ನೊಂದು ವಿಷಯ, ಅದರ ಗ್ರಾಫಿಕ್ಸ್ ಚಿಪ್ ಬೋರ್ಡಿಗೆ ಬೆಸೆದೇ ಬಂದಿರುತ್ತದೆ. ಕರಾವಳಿ ಉಪ್ಪುಗಾಳಿಗೆ ಒಂದು ಕಡೆ ಹಸಿರು ಹಿಡಿದರೂ ಇಡೀ ಬೋರ್ಡು ಬದಲು. ಡೆಸ್ಕ್‌ಟಾಪ್ ಆದರೆ ಒಂದು ಪಾರ್ಟು. ನನ್ನ ಮೇಜಿನ ಮೇಲೆ ಇಂಥ ಲ್ಯಾಪ್‌ಟಾಪ್ ಮಳೆಗಾಲ ಕಳೆದ ಮೇಲೆ ಸಾಲಾಗಿ ಬರುತ್ತವೆ.

ಕಾಳಿ_ಸಂಗಮ
ಉಪ್ಪುಗಾಳಿ ವಿಷಯ ನೂರಕ್ಕೆ ನೂರು ನಿಜ. ನಮ್ಮ ಮನೆ ಕೋಡಿಬಾಗ ಕಡೆ. ಕಿಟಕಿ ಪಕ್ಕ ಇಟ್ಟ ಕ್ಯಾಬಿನೆಟ್ಟಿನ ಸ್ಕ್ರೂ ಒಂದೇ ವರ್ಷಕ್ಕೆ ತುಕ್ಕು. ಈಗ ಒಳಗಿನ ಗೋಡೆಗೆ ಇಟ್ಟಿದ್ದೇನೆ. ಮಳೆಗಾಲದಲ್ಲಿ ಆಡಲಿ ಬಿಡಲಿ, ದಿನಕ್ಕೆ ಒಂದು ಗಂಟೆ ಹಚ್ಚಿಡುತ್ತೇನೆ. ಒಳಗೆ ಬೆಚ್ಚಗಿದ್ದರೆ ತೇವ ಕೂರುವುದಿಲ್ಲ.

ಹೊಸಬ_ಯಲ್ಲಾಪುರ
ನಮ್ಮಲ್ಲಿ ಬೂಷ್ಟು. ಕೀಬೋರ್ಡಿಗೂ ಬಂದಿತ್ತು.

ಮೆತ್ತಿನ_ಪಿಸಿ
ಫ್ರೇಮ್_ಲೆಕ್ಕ ಹೇಳಿದಂತೆ ಮಾಡಿದೆ. 60 ಫ್ರೇಮ್ ಮಿತಿ, ವೋಲ್ಟೇಜ್ 1150ರಿಂದ 1050 ಮಿಲಿವೋಲ್ಟ್‌ಗೆ. ರೇಸಿಂಗ್ ಆಟದಲ್ಲಿ 320 ಇದ್ದದ್ದು 225ಕ್ಕೆ ಬಂತು! ಕಾರ್ಡಿನ ಫ್ಯಾನ್ ಸದ್ದೂ ಕಮ್ಮಿ. ಆದರೆ ಇತ್ತೀಚಿನ ದೊಡ್ಡ ಓಪನ್ ವರ್ಲ್ಡ್ ಆಟದಲ್ಲಿ ಕಾರ್ಡಿಗೆ 60 ಮುಟ್ಟಲೇ ಆಗುವುದಿಲ್ಲ. ಮಿತಿ ಇಟ್ಟು ಏನು ಮಾಡುವುದು? 40–45 ಫ್ರೇಮ್, 280 ವ್ಯಾಟ್. ಅಂದರೆ ಕಾರ್ಡು ಬದಲಿಸಲೇಬೇಕು ಅಂತ ಕಾಣುತ್ತದೆ.

ಫ್ರೇಮ್_ಲೆಕ್ಕ
ಹೌದು, ಈಗ ಬದಲಿಸಿ. ಕಾರ್ಡು ವೇಗವಾಗಿದ್ದು ಅದನ್ನು ಕಟ್ಟಿಹಾಕಿ ಓಡಿಸಿದರೆ ಕರೆಂಟು ಉಳಿಯುತ್ತದೆ. ನಿಧಾನದ ಕಾರ್ಡು ಸದಾ ಏದುಸಿರು ಬಿಡುತ್ತಲೇ ಇರುತ್ತದೆ.

ಅಘನಾಶಿನಿ
ಆರ್‌ಟಿಎಕ್ಸ್ 4060 ಬಗ್ಗೆ ಒಂದು ಎಚ್ಚರಿಕೆ. ಅದು ಬೋರ್ಡಿನ ಜೊತೆ ಡೇಟಾ ಸಾಗಿಸಲು 16ರ ಬದಲು ಎಂಟೇ ಲೇನ್ (ದಾರಿ) ಬಳಸುವ ಕಾರ್ಡು. ಬಿ450 ಬೋರ್ಡಿನ ಲೇನು ಪಿಸಿಐಇ 3, ಹಳೇ ತಲೆಮಾರಿನದು, ನಿಧಾನ. ಕಾರ್ಡಿನ 8 ಜಿಬಿ ಮೆಮೊರಿ ತುಂಬಿ ಹೊರಗೆ ಚೆಲ್ಲಿದರೆ ಆ ದಾರಿ ಸಣ್ಣದಾಗುತ್ತದೆ, ಆಟ ತಡೆತಡೆದು ಓಡುತ್ತದೆ. ಆರ್‌ಎಕ್ಸ್ 6600 ಕೂಡ ಹಾಗೇ. ಆರ್‌ಟಿಎಕ್ಸ್ 5060 145 ವ್ಯಾಟ್, ಅದಕ್ಕೂ ಎಂಟೇ ಲೇನ್. 16 ಲೇನ್ ಬೇಕಿದ್ದರೆ ಆರ್‌ಎಕ್ಸ್ 9060 ಎಕ್ಸ್‌ಟಿ, 16 ಜಿಬಿಯದು 160 ವ್ಯಾಟ್. ನಾನಾದರೆ ಅದನ್ನೇ ತೆಗೆದುಕೊಳ್ಳುವೆ. 160 ಅಂತ ಹೆದರಬೇಡಿ, ಮಿತಿ ಇಟ್ಟರೆ ಅದೂ ಇಳಿಯುತ್ತದೆ.

ಫ್ರೇಮ್_ಲೆಕ್ಕ
ಮಾತು ಸರಿ, ಆದರೆ ಅದೊಂದಕ್ಕೇ ಬಜೆಟ್ ಮುಗಿಯುತ್ತದೆ. 2600ರ ಜೊತೆ ಅದನ್ನು ಕೂರಿಸಿದರೆ ಪ್ರೊಸೆಸರ್ ಹಿಂದೆ ಬೀಳುತ್ತದೆ. 1080ಪಿ (ಫುಲ್ ಎಚ್‌ಡಿ) ಪರದೆಗೆ, ಟೆಕ್ಸ್‌ಚರ್ (ಚಿತ್ರದ ಮೇಲ್ಮೈಯ ವಿವರ) ಮೀಡಿಯಂ ಇಟ್ಟರೆ 8 ಜಿಬಿ ಚೆಲ್ಲುವುದು ಕಡಿಮೆ. ಚೆಲ್ಲದಿದ್ದರೆ ಎಂಟು ಲೇನಿನ ನಷ್ಟ ಕೆಲವೇ ಪರ್ಸೆಂಟ್.

ಕಾಳಿ_ಸಂಗಮ
ಪ್ರೊಸೆಸರ್‌ಗೆ ಇಂಟೆಲ್ ಐ5 12400ಎಫ್ ಯಾಕೆ ಬೇಡ? ಅದೂ 65 ವ್ಯಾಟ್ ಅಂತ ಬರೆದಿದೆ.

ಫ್ರೇಮ್_ಲೆಕ್ಕ
ಡಬ್ಬದ ಮೇಲಿನ ವ್ಯಾಟ್ ನಂಬಿ ಹೋಲಿಸಬೇಡಿ. 12400ಎಫ್ ಮಾಮೂಲಿ ವೇಗದಲ್ಲಿ (ಬೇಸ್) 65, ವೇಗ ಏರಿಸಿಕೊಂಡಾಗ (ಟರ್ಬೊ) ಮಿತಿ 117. ಬಿ450ರ ಸಾಕೆಟ್ ಆದ ಎಎಂ4ರಲ್ಲಿ 105 ವ್ಯಾಟ್ ಅಂತ ಬರೆದ ಚಿಪ್ 142ರವರೆಗೆ ಎಳೆಯಬಹುದು. ರೈಜನ್ 7 7800ಎಕ್ಸ್3ಡಿ ಮೇಲೆ 120 ಅಂತ ಇದೆ, ಆಟದಲ್ಲಿ ಅದಕ್ಕಿಂತ ಎಷ್ಟೋ ಕಮ್ಮಿ ಎಳೆಯುತ್ತದೆ. ಮೀಟರ್ ಇದೆಯಲ್ಲ, ಅದೇ ಸತ್ಯ. ಮತ್ತೆ 12400ಎಫ್‌ಗೆ ಬೋರ್ಡು ಹೊಸದು ಬೇಕು. 5600ಕ್ಕೆ ಬೇಡ.

ಬೆಸುಗೆ_ಭಾವ
5600 ಹಾಕುವ ಮೊದಲು ಬಯಾಸ್ (ಬೋರ್ಡಿನ ಮೂಲ ಸಾಫ್ಟ್‌ವೇರ್) ಅಪ್‌ಡೇಟ್ ಆಗಬೇಕು. ಹಳೇ 2600 ಇರುವಾಗಲೇ ಮಾಡಿ. ಆ ಐದು ನಿಮಿಷದಲ್ಲಿ ಕರೆಂಟು ಹೋದರೆ ಬೋರ್ಡು ಮುಗಿಯಿತು ಅಂದುಕೊಳ್ಳಿ. ಮೋಡ ಕಟ್ಟಿದ ಸಂಜೆ ಇದಕ್ಕೆ ಕೈ ಹಾಕಲೇಬೇಡಿ. ಬೆಳಗ್ಗೆ ಮಾಡಿ, ಯುಪಿಎಸ್ ಮೇಲೆ ಮಾಡಿ. ಕಳೆದ ಜುಲೈಯಲ್ಲಿ ಒಬ್ಬ ಹುಡುಗ ಅರ್ಧಕ್ಕೆ ನಿಂತ ಬೋರ್ಡು ತಂದ. ಚಿಪ್ ಬಿಚ್ಚಿ ಪ್ರೋಗ್ರಾಮರ್‌ನಲ್ಲಿ ಬರೆದು ಮತ್ತೆ ಬೆಸೆಯುವುದಕ್ಕೆ ಒಂದು ದಿನ ಹಿಡಿಯಿತು.

ಇನ್ನೊಂದು. ಹಳೇ ಕೂಲರ್ ತೆಗೆಯುವ ಮೊದಲು ಹತ್ತು ನಿಮಿಷ ಪಿಸಿ ಓಡಿಸಿ, ಆಮೇಲೆ ಆಫ್ ಮಾಡಿ ಪ್ಲಗ್ ತೆಗೆಯಿರಿ. ಪ್ರೊಸೆಸರಿಗೂ ಕೂಲರಿಗೂ ನಡುವಿನ ಪೇಸ್ಟ್ ಬೆಚ್ಚಗಾಗಿ ಸಡಿಲವಾಗಿರುತ್ತದೆ. ಕೂಲರನ್ನು ನೇರ ಎಳೆಯದೆ ಆಚೆ ಈಚೆ ತಿರುಗಿಸಿ ಎತ್ತಿ. ಎಎಂ4ರಲ್ಲಿ ಪಿನ್ನು ಇರುವುದು ಪ್ರೊಸೆಸರಿನ ಅಡಿಗೆ. ಗಟ್ಟಿ ಪೇಸ್ಟಿಗೆ ಅಂಟಿಕೊಂಡು ಪ್ರೊಸೆಸರೇ ಕಿತ್ತು ಬಂದರೆ ಪಿನ್ನು ಬಾಗುತ್ತವೆ.

ಹೊಸಬ_ಯಲ್ಲಾಪುರ
ಭಾವ, ಕರೆಂಟು ಹೋದಾಗ ಇನ್ವರ್ಟರ್ ಇದ್ದರೂ ನನ್ನ ಪಿಸಿ ರೀಸ್ಟಾರ್ಟ್ ಆಗುತ್ತದೆ. ಟ್ಯೂಬ್‌ಲೈಟ್ ಬರೀ ಮಿನುಗುತ್ತದೆ. ಪಿಸಿ ಮಾತ್ರ ಯಾಕೆ ಹೀಗೆ?

ಬೆಸುಗೆ_ಭಾವ
ಇನ್ವರ್ಟರ್ ಹಿಂದೆ ಇಕೋ, ಯುಪಿಎಸ್ ಅಂತ ಎರಡು ಮೋಡಿನ ಒಂದು ಸ್ವಿಚ್ಚು ಇರುತ್ತದೆ. ಇಕೋ ಮೋಡಿನಲ್ಲಿ ಬ್ಯಾಟರಿಗೆ ಬದಲಾಗಲು ತಡವಾಗುತ್ತದೆ. ಎಸ್‌ಎಂಪಿಎಸ್ ತನ್ನಲ್ಲಿರುವ ಚಾರ್ಜಿನಲ್ಲಿ ಪೂರ್ತಿ ಲೋಡಿಗೆ 16–17 ಮಿಲಿಸೆಕೆಂಡ್ ಮಾತ್ರ ತಡೆಯುತ್ತದೆ. ಯುಪಿಎಸ್ ಮೋಡಿಗೆ ಹಾಕಿ, ಬೇಗ ಬದಲಾಗುತ್ತದೆ. ಲೋಡು ಕಡಿಮೆ ಇದ್ದಷ್ಟೂ ಎಸ್‌ಎಂಪಿಎಸ್ ಹೆಚ್ಚು ಹೊತ್ತು ತಡೆಯುತ್ತದೆ. ಅದಕ್ಕೇ ಕೆಲವರಿಗೆ ಆಟ ಆಡುವಾಗ ಮಾತ್ರ ರೀಸ್ಟಾರ್ಟ್ ಆಗುತ್ತದೆ, ಬ್ರೌಸರ್ ನೋಡುವಾಗ ಆಗುವುದಿಲ್ಲ.

ಮೆತ್ತಿನ_ಪಿಸಿ
ಯುಪಿಎಸ್ ಮೋಡಿಗೆ ಹಾಕಿದರೆ ನಮ್ಮಲ್ಲಿ ಬೇರೆಯೇ ತೊಂದರೆ. ಸಂಜೆ ವೋಲ್ಟೇಜ್ 170. ಕರೆಂಟು ಇದ್ದರೂ ಇನ್ವರ್ಟರ್ ಬ್ಯಾಟರಿಗೆ ಹೋಗುತ್ತದೆ. ಅಡಿಕೆ ಸುಲಿಯುವ ಯಂತ್ರ ಓಡುವ ತಿಂಗಳುಗಳಲ್ಲಂತೂ ದಿನವಿಡೀ ಟಕ್ ಟಕ್ ಅಂತ ಆಚೆ ಈಚೆ.

ಹಳ್ಳದ_ಕರೆಂಟು
ಅದು ಆಗುವುದೇ. ಯುಪಿಎಸ್ ಮೋಡಿನಲ್ಲಿ ಸುಮಾರು 180 ವೋಲ್ಟ್‌ಗಿಂತ ಕೆಳಗೆ ಹೋದರೆ ಕರೆಂಟೇ ಇಲ್ಲ ಅಂತ ತಿಳಿದುಕೊಳ್ಳುತ್ತದೆ. ಇಕೋ ಮೋಡ್ 100ರವರೆಗೂ ಸಹಿಸುತ್ತದೆ. ಮನೆ ಇನ್ವರ್ಟರ್ ಇಕೋದಲ್ಲೇ ಇರಲಿ. ಪಿಸಿಗೆ ಮಾತ್ರ ವೋಲ್ಟೇಜ್ ಎತ್ತಿ ಕೊಡುವ ಒಂದು ಸಣ್ಣ ಯುಪಿಎಸ್ ಹಾಕಿ. ಇನ್ವರ್ಟರ್ ಬದಲಾಗುವ ಆ ಒಂದು ಕ್ಷಣವನ್ನು ಅದು ಹೊತ್ತುಕೊಳ್ಳುತ್ತದೆ. ಆದರೆ ಕೊಳ್ಳುವ ಮೊದಲು ನಿಮ್ಮ ಇನ್ವರ್ಟರ್ ಸೈನ್ ವೇವ್ (ಲೈನಿನ ಕರೆಂಟಿನಂತೆ ನಯವಾದ ಅಲೆ ಕೊಡುವಂಥದು) ಹೌದೇ ನೋಡಿ. ಸ್ಕ್ವೇರ್ ವೇವ್ ಇನ್ವರ್ಟರ್ ಆದರೆ ಕೆಲವು ಯುಪಿಎಸ್ ಅದನ್ನು ಒಪ್ಪುವುದೇ ಇಲ್ಲ. ಮಾಮೂಲಿ 600 ವಿಎ ಯುಪಿಎಸ್ ಅಂದರೆ 360 ವ್ಯಾಟ್. ಈಗಿನ 320ಕ್ಕೆ ಅದು ತೀರಾ ಅಂಚಿನಲ್ಲಿದೆ, 170ಕ್ಕೆ ಇಳಿದರೆ ಆರಾಮ.

ಬೇಲೇಕೇರಿ_ಅಲೆ
ಹಳ್ಳದ ಕರೆಂಟು ಅಂತ ಹೆಸರು ಇಟ್ಟುಕೊಂಡಿದ್ದೀರಿ, ನಿಜವಾಗಲೂ ಹಳ್ಳದಿಂದಲೇ ಕರೆಂಟಾ?

ಹಳ್ಳದ_ಕರೆಂಟು
ಹೌದು. ತೋಟದ ಮೇಲಿನ ಹಳ್ಳದಿಂದ ಪೈಪಿನಲ್ಲಿ ನೀರು ಇಳಿಸಿ ಸಣ್ಣ ಟರ್ಬೈನ್ ತಿರುಗಿಸುತ್ತೇವೆ, ಒಂದು ಕಿಲೋವ್ಯಾಟ್. ಜೂನ್ ಕೊನೆಯಿಂದ ಡಿಸೆಂಬರ್‌ವರೆಗೆ ನೀರು ಸಾಕು. ನಾವು ಬಳಸದೆ ಉಳಿದ ಕರೆಂಟನ್ನು ಕಂಟ್ರೋಲರ್ ತಾನೇ ಬಚ್ಚಲ ನೀರಿನ ಕಾಯಿಲ್‌ಗೆ ತಳ್ಳುತ್ತದೆ. ಇಲ್ಲದಿದ್ದರೆ ಲೋಡು ಕಡಿಮೆಯಾದಾಗ ಟರ್ಬೈನ್ ಓಟ ಜಾಸ್ತಿಯಾಗಿ ವೋಲ್ಟೇಜ್ ಏರುತ್ತದೆ. ನಾನು ಆಡಲು ಕೂತರೆ ಅಪ್ಪನ ಸ್ನಾನದ ನೀರು ತಡವಾಗಿ ಕಾಯುತ್ತದೆ. ಅದಕ್ಕೇ ನಾನೂ ಕಮ್ಮಿ ಕರೆಂಟಿನ ಪಾರ್ಟ್ ಹುಡುಕಿದ್ದು. ರೈಜನ್ 5 5600ಜಿ ಇದೆ, ಗ್ರಾಫಿಕ್ಸ್ ಅದರೊಳಗೇ, ಬೇರೆ ಕಾರ್ಡೇ ಇಲ್ಲ. ಹಳೇ ಆಟ, ಫುಟ್‌ಬಾಲ್ ಆಟಕ್ಕೆ ಸಾಕು.

ಕಾಳಿ_ಸಂಗಮ
ನಮ್ಮ ಜಿಲ್ಲೆಯಲ್ಲಿ ಕೈಗಾ ಅಣುಸ್ಥಾವರದ 220 ಮೆಗಾವ್ಯಾಟಿನ ನಾಲ್ಕು ಘಟಕ, ಕದ್ರಾ, ಕೊಡಸಳ್ಳಿ, ಸೂಪಾ, ಗೇರುಸೊಪ್ಪ ಅಣೆಕಟ್ಟು ಎಲ್ಲಾ ಇದೆ. ಕೈಗಾ ಒಂದನೇ ಘಟಕ 2018ರ ಡಿಸೆಂಬರ್ 31ರವರೆಗೆ 962 ದಿನ ನಿಲ್ಲದೆ ಓಡಿತ್ತು. ಅಣೆಕಟ್ಟಿಗೆ ಊರು ಬಿಟ್ಟುಕೊಟ್ಟವರು ನಾವು. ನಮ್ಮ ಹಳ್ಳಿಗಳಲ್ಲಿ ಮಾತ್ರ ಒಂದು ಸಂಜೆಯೂ ಕರೆಂಟು ನೆಟ್ಟಗೆ ಇರುವುದಿಲ್ಲ. ಬೇಸರ ಆಗುತ್ತದೆ.

ಬೆಸುಗೆ_ಭಾವ
ಬೇಸರ ಸರಿ ಭಾವ. ಆದರೆ ಕರೆಂಟು ಹೋಗುವುದು ಉತ್ಪಾದನೆಯಾಗುವ ಜಾಗದಲ್ಲಿ ಅಲ್ಲ. ಕಾಡಿನ ನಡುವೆ ಬರುವ 11 ಕೆವಿ ಲೈನಿನ ಮೇಲೆ ಮರ ಬೀಳುತ್ತದೆ. ಆ ಮಳೆಯಲ್ಲಿ ಕಂಬ ಹತ್ತುವ ಲೈನ್‌ಮ್ಯಾನ್‌ಗಳನ್ನು ನೆನೆಸಿಕೊಳ್ಳಿ.

ಅಘನಾಶಿನಿ
ವಿಷಯಕ್ಕೆ ಬರೋಣ. ಸಿಡಿಲಿನ ಬಗ್ಗೆ ಯಾರೂ ಹೇಳಲಿಲ್ಲ. ಎಷ್ಟು ಒಳ್ಳೆಯ ಸರ್ಜ್ ಪ್ಲಗ್ ಹಾಕಿದರೂ ಅರ್ಥಿಂಗ್ ಸರಿ ಇಲ್ಲದಿದ್ದರೆ ಅದು ಅರ್ಧ ಕೆಲಸವನ್ನೂ ಮಾಡುವುದಿಲ್ಲ. ಬರಿಗಾಲಲ್ಲಿ ನಿಂತು ಕ್ಯಾಬಿನೆಟ್ ಮುಟ್ಟಿದರೆ ಜುಮ್ ಅನ್ನುತ್ತದೆಯೇ? ಹಾಗಿದ್ದರೆ ಅರ್ಥಿಂಗ್ ಇಲ್ಲ ಅಂತಲೇ ಅರ್ಥ. ಏಪ್ರಿಲ್ ಮೇ ತಿಂಗಳಲ್ಲಿ ಅರ್ಥಿಂಗ್ ಗುಂಡಿ ಒಣಗಿರುತ್ತದೆ, ಗುಡುಗು ಸಿಡಿಲು ಜೋರಾಗುವುದೂ ಆಗಲೇ. ಗುಂಡಿಗೆ ನೀರು ಹಾಕುತ್ತಿರಿ. ಗುಡುಗು ಕೇಳಿಸಲು ಶುರುವಾದ ಕೂಡಲೇ ಪ್ಲಗ್ ತೆಗೆಯಿರಿ, ರೂಟರಿನಿಂದ ಬರುವ ಲ್ಯಾನ್ ವಯರನ್ನೂ ತೆಗೆಯಿರಿ. ನನ್ನ ಹಳೇ ಬೋರ್ಡು ಹೋದದ್ದು ಲ್ಯಾನ್ ದಾರಿಯಲ್ಲೇ.

ಮೆತ್ತಿನ_ಪಿಸಿ
ಜುಮ್ ಅನ್ನುತ್ತದೆ. ಅದು ಮಾಮೂಲು ಅಂದುಕೊಂಡಿದ್ದೆ. ನಾಳೆಯೇ ವಯರ್‌ಮನ್ ಕರೆಸುತ್ತೇನೆ.

ಮೆತ್ತಿನ_ಪಿಸಿ (ಐದು ವಾರದ ನಂತರ)
ಕೆಲಸ ಆಯಿತು, ಬರೆದಿಡುತ್ತೇನೆ. ಹುಬ್ಬಳ್ಳಿಯಲ್ಲಿ ಸೆಕೆಂಡ್ ಹ್ಯಾಂಡ್ ಆರ್‌ಟಿಎಕ್ಸ್ 4060 ಸಿಕ್ಕಿತು. ಅಂಗಡಿಯಲ್ಲೇ ಒಂದು ಗಂಟೆ ಓಡಿಸಿ ನೋಡಿ ತಂದೆ. ಬಿಲ್ಲು, ಉಳಿದ ವಾರಂಟಿ ಎರಡೂ ಇದೆ. ಹೊಸ ರೈಜನ್ 5 5600, ಡಬ್ಬದಲ್ಲೇ ಕೂಲರ್ ಬಂತು. ನಮ್ಮ ಇನ್ವರ್ಟರ್ ಸೈನ್ ವೇವೇ. ಪಿಸಿಗೆ 600 ವಿಎ ಯುಪಿಎಸ್ ತಂದೆ. ಬಯಾಸನ್ನು ಬೆಳಗ್ಗೆ ಏಳಕ್ಕೆ ಯುಪಿಎಸ್ ಮೇಲೆ ಮಾಡಿದೆ. ಹೊಸ ಅರ್ಥಿಂಗ್ ಗುಂಡಿ ಆಯಿತು, ಈಗ ಜುಮ್ ಅನ್ನುವುದಿಲ್ಲ. ಎಲ್ಲಾ ಸೇರಿ ಬಜೆಟ್ ಸ್ವಲ್ಪ ದಾಟಿತು. ಎಸ್‌ಎಂಪಿಎಸ್ ಹಳೆಯದೇ, ಮುಂದಿನ ವರ್ಷ ನೋಡುವೆ.

ಮೀಟರ್ ಲೆಕ್ಕ, ಮಾನಿಟರ್ ಸೇರಿ: ಸುಮ್ನೆ ಇದ್ದಾಗ 68. ರೇಸಿಂಗ್, 60 ಮಿತಿ, 155. ದೊಡ್ಡ ಆಟ, 60 ಮಿತಿ, 180ರ ಹತ್ತಿರ. ಮಿತಿ ತೆಗೆದರೆ 240.

ಕಳೆದ ಶನಿವಾರ ಸಂಜೆ ಏಳೂವರೆಗೆ ಕರೆಂಟು ಹೋಯಿತು, ಬಂದಿದ್ದು ಹನ್ನೊಂದಕ್ಕೆ. ನಡುವೆ ಎರಡೂವರೆ ಗಂಟೆ ಆಡಿದೆ. ಇನ್ವರ್ಟರ್ ಕೂಗಲಿಲ್ಲ. ಅಜ್ಜಿಯ ಕೋಣೆಯ ಫ್ಯಾನ್ ತಿರುಗುತ್ತಲೇ ಇತ್ತು.

ಫ್ರೇಮ್_ಲೆಕ್ಕ
ಬಹಳ ಖುಷಿ ಆಯಿತು ಮಾರಾಯ್ರೆ! ಬಯಾಸಿನಲ್ಲಿ ಪ್ರೊಸೆಸರಿಗೆ 45 ವ್ಯಾಟಿನ ಇಕೋ ಮೋಡ್ ಇದೆಯೇ ನೋಡಿ. ಆಟದಲ್ಲಿ ವ್ಯತ್ಯಾಸ ಗೊತ್ತೇ ಆಗಲಿಕ್ಕಿಲ್ಲ.

ಹೊಸಬ_ಯಲ್ಲಾಪುರ
ನಿಮ್ಮ ಹಳೇ 580 ಕೊಡುತ್ತೀರಾ? ನನ್ನಲ್ಲಿ ಕಾರ್ಡೇ ಇಲ್ಲ.

ಬೆಸುಗೆ_ಭಾವ
ತಮ್ಮಾ, ಅದಕ್ಕೆ ನಿನ್ನ ಎಸ್‌ಎಂಪಿಎಸ್‌ನಿಂದ ಬೇರೆ ಪವರ್ ವಯರ್ ಬೇಕು. ಮೊದಲು ಎಸ್‌ಎಂಪಿಎಸ್ ಫೋಟೋ ಹಾಕು. 400 ವ್ಯಾಟಿನ ಮಾಮೂಲಿಯದಾದರೆ ಆರ್‌ಟಿಎಕ್ಸ್ 3050 6 ಜಿಬಿ ನೋಡು. 70 ವ್ಯಾಟ್ ಅಷ್ಟೇ, ಬೋರ್ಡಿನ ಸ್ಲಾಟಿನಿಂದ ಬರುವ ಕರೆಂಟಿನಲ್ಲೇ ಓಡುತ್ತದೆ.

ಹೊಸಬ_ಯಲ್ಲಾಪುರ
ಬೆಳಗ್ಗೆ ಫೋಟೋ ಹಾಕುತ್ತೇನೆ. ಈಗ ಗುಡುಗುತ್ತಿದೆ, ಪ್ಲಗ್ ತೆಗೆದೆ.